ಗಿಡ್ಡ ಟೆಲಿಸ್ಕೋಪೋ, ಉದ್ದದ್ದೋ?

ಶ್ರವಣಬೆಳಗೊಳದ 57 ಅಡಿಯ ಗೊಮ್ಮಟ ಮರೆಯಿಲ್ಲದೆ ನಿಂತಿದ್ದರೆ, ಎರಡು ಕಿಲೋಮೀಟರ್ ದೂರದಿಂದ ಅವನ ಎತ್ತರ ಹುಣ್ಣಿಮೆ ಚಂದ್ರನ ಅಗಲದಷ್ಟೇ ಕಾಣುತ್ತದೆ: ಅರ್ಧ ಡಿಗ್ರಿ. ಅಂಚಿನ ತಾರೆಗಳೂ ಸೇರಿದರೆ ಕೃತ್ತಿಕೆ ಇದರ ಸುಮಾರು ನಾಲ್ಕರಷ್ಟು ಹರಡಿದೆ. ಗುರುಗ್ರಹವೋ, ಹತ್ತಿರ ಬಂದಾಗಲೂ ಇದರ ನಲವತ್ತರಲ್ಲಿ ಒಂದು ಪಾಲು. ಟೆಲಿಸ್ಕೋಪ್ ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದದ್ದು, ಇವೆರಡರಲ್ಲಿ ಯಾವುದನ್ನು ನೋಡುವ ಆಸೆ ಹೆಚ್ಚು ಎಂದು.

ಮಸೂರ ಅಥವಾ ದರ್ಪಣದಿಂದ ಬೆಳಕು ಬಂದು ಕೂಡುವ ಬಿಂದುವಿನವರೆಗಿನ ಅಂತರ ಸಂಗಮದೂರ. ಅದು ಹೆಚ್ಚಿದಷ್ಟೂ ಬಿಂಬ ದೊಡ್ಡದು. 400 ಮಿ.ಮೀ. ಸಂಗಮದೂರದಲ್ಲಿ ಚಂದ್ರನ ಬಿಂಬ 4 ಮಿ.ಮೀ.ಗೂ ಕಿರಿದು, 1200ರಲ್ಲಿ 11 ಮಿ.ಮೀ. ಮೊದಲನೆಯದಕ್ಕೆ 25 ಮಿ.ಮೀ. ಐಪೀಸ್ ಹಾಕಿದರೆ 16 ಪಟ್ಟು ಹಿಗ್ಗಿ, ಸುಮಾರು ಮೂರು ಡಿಗ್ರಿ ಆಕಾಶ ಕಾಣುತ್ತದೆ. ಕೃತ್ತಿಕೆ ಇಡಿಯಾಗಿ ಅದರೊಳಗೆ. ಎರಡನೆಯದರಲ್ಲಿ ಅದೇ ಐಪೀಸ್ 48 ಪಟ್ಟು ಹಿಗ್ಗಿಸುತ್ತದೆ, ನೋಟ ಒಂದೇ ಡಿಗ್ರಿಗೆ ಇಳಿಯುತ್ತದೆ. ಆದರೆ ಗುರು ಬರಿಗಣ್ಣಿನ ಚಂದ್ರನಿಗಿಂತ ತುಸು ದೊಡ್ಡದಾಗುತ್ತಾನೆ!

ಗಿಡ್ಡ ಟೆಲಿಸ್ಕೋಪು ಹೆಚ್ಚು ಬೆಳಕು ಕೊಡುತ್ತದೆ ಎಂಬ ಮಾತು ಕಣ್ಣಿನ ನೋಟಕ್ಕೆ ಸಲ್ಲದು. ಬೆಳಕು ಹಿಡಿಯುವುದು ವ್ಯಾಸ. ವ್ಯಾಸವೂ ಹಿಗ್ಗುವಿಕೆಯೂ ಒಂದೇ ಆಗಿದ್ದರೆ ಎರಡರಲ್ಲೂ ನೀಹಾರಿಕೆ ಅಷ್ಟೇ ಬೆಳಗುತ್ತದೆ. ಅದರ ಫೋಟೊ ತೆಗೆಯುವವರಿಗೆ ಮಾತ್ರ ಗಿಡ್ಡದರಲ್ಲಿ ಸಮಯ ಉಳಿಯುತ್ತದೆ. ಅಗ್ಗದ ಗಿಡ್ಡ ಮಸೂರದಲ್ಲಿ ಚಂದ್ರನ ಅಂಚಿಗೆ ನೇರಳೆ ಬಣ್ಣ ಹತ್ತುವುದನ್ನೂ ನೆನಪಿಡಬೇಕು.

ದೊಡ್ಡವರಿಗೂ ಎರಡೂ ಬೇಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಕಾವಲೂರಿನಲ್ಲಿ 1986ರಿಂದ ನಡೆಸುತ್ತಿರುವ ವೈನು ಬಾಪು ಟೆಲಿಸ್ಕೋಪಿನ 2.34 ಮೀಟರ್ ದರ್ಪಣದ ಸಂಗಮದೂರ ಸುಮಾರು 7.6 ಮೀಟರ್, ಎದುರಿಗೆ ಇನ್ನೊಂದು ದರ್ಪಣವಿಟ್ಟರೆ ಅದೇ 30 ಮೀಟರ್ ಆಗುತ್ತದೆ.

ನಮಗೆ ಆ ಅನುಕೂಲವಿಲ್ಲ. ಹಾಸನ ಪೇಟೆಯ ತಾರಸಿಯಲ್ಲಿ ಬೀದಿದೀಪಗಳ ನಡುವೆಯೂ ಕೆಡದೆ ಉಳಿಯುವುದು ಚಂದ್ರ, ಗುರು, ಶನಿ. ಅಲ್ಲಿಗೆ ಉದ್ದದ್ದೇ ಸರಿ. ಅರಕಲಗೂಡು, ಹೊಳೆನರಸೀಪುರದ ಕಡೆಯ ಕತ್ತಲ ಹೊಲಗಳಿಗೆ ಗಿಡ್ಡದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋಗಬಹುದು. ನಮ್ಮ ಅಕ್ಷಾಂಶ 13 ಡಿಗ್ರಿ ಇರುವುದರಿಂದ, ಯುರೋಪಿನ ಬಹುಪಾಲಿಗೆ ಕಾಣದ ಒಮೆಗಾ ಸೆಂಟಾರಿ ತಾರಾಗುಚ್ಛ ಇಲ್ಲಿ ಮೇ ತಿಂಗಳ ರಾತ್ರಿ ದಕ್ಷಿಣದಲ್ಲಿ 30 ಡಿಗ್ರಿಯಷ್ಟು ಮೇಲೇರುತ್ತದೆ. ಮಳೆ ಹಿಡಿಯುವ ಮುನ್ನ ನೋಡಿಬಿಡಬೇಕು.

ಚನ್ನರಾಯಪಟ್ಟಣದ ಯಾವುದಾದರೂ ಶಾಲೆ ಒಂದನ್ನೇ ಕೊಳ್ಳುವುದಾದರೆ, 150 ಮಿ.ಮೀ. ವ್ಯಾಸ, 1200 ಮಿ.ಮೀ. ಸಂಗಮದೂರದ ದರ್ಪಣದ ಟೆಲಿಸ್ಕೋಪನ್ನೇ ಕೊಳ್ಳಲಿ ಎನ್ನುತ್ತೇನೆ. ಮಕ್ಕಳು ಮೊದಲು ಕೇಳುವುದು ಶನಿಯ ಉಂಗುರವನ್ನು.