ಪಾರ್ವತಿನಗರದಲ್ಲಿ ಬಾಡಿಗೆಗೊಂದು ಮನೆ: ಕಂತು ಕಟ್ಟುವವರು ಯಾರು?

ಬಳ್ಳಾರಿ: ಇರಲು ಒಂದು ಮನೆಯಾದ ಮೇಲೆ ಬಾಡಿಗೆಗೆ ಕೊಡಲು ಇನ್ನೊಂದಿರಲಿ ಎಂಬ ಆಸೆ ಮಧ್ಯಮ ವರ್ಗಕ್ಕೆ ಹೊಸದೇನಲ್ಲ. ಬಳ್ಳಾರಿಯಲ್ಲಿ ಇಂಥ ಆಸೆ ಮೂಡಿದವರು ಮೊದಲು ನೆನೆಯುವ ಬಡಾವಣೆಗಳಲ್ಲಿ ಪಾರ್ವತಿನಗರವೂ ಒಂದು. ನಗರದ ವರ್ತಕರು, ನೌಕರರು ಮಾತ್ರವಲ್ಲ, ಸಿರುಗುಪ್ಪ, ಕುರುಗೋಡು ಕಡೆಯ ಭತ್ತ, ಮೆಣಸಿನಕಾಯಿ ಬೆಳೆಗಾರರಿಗೂ ಜಿಲ್ಲಾ ಕೇಂದ್ರದಲ್ಲೊಂದು ಮನೆಯೆಂದರೆ ಭದ್ರವಾದ ಆಸ್ತಿ. ಮನೆ ತೋರಿಸುವ ದಲ್ಲಾಳಿಗಳ ಭರವಸೆಯೂ ಎಲ್ಲೆಡೆ ಬಹುಮಟ್ಟಿಗೆ ಒಂದೇ: ಸಾಲ ಬ್ಯಾಂಕು ಕೊಡುತ್ತದೆ, ಕಂತು ಬಾಡಿಗೆ ಕಟ್ಟುತ್ತದೆ.

ಈ ಭರವಸೆಯ ಮೊದಲರ್ಧ ನಿಜ. ಎರಡನೆಯ ಅರ್ಧವನ್ನು ಮಾತ್ರ ಕಾಗದದ ಮೇಲೆ ಲೆಕ್ಕ ಹಾಕಿಯೇ ನೋಡಬೇಕು.

ಬಾಡಿಗೆ ಹೊರಬಲ್ಲ ಸಾಲ

ಲೆಕ್ಕ ತಿಳಿಯುವುದಕ್ಕಾಗಿಯೇ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಮಾಲೀಕ ಹೇಳುವ ಬೆಲೆ 60 ಲಕ್ಷ ರೂಪಾಯಿ, ಬರುವ ಬಾಡಿಗೆ ತಿಂಗಳಿಗೆ 15 ಸಾವಿರ. ಮೇಲ್ನೋಟಕ್ಕೆ ವರ್ಷಕ್ಕೆ 1.80 ಲಕ್ಷ ಕೈಗೆ ಬರುತ್ತದೆ. ಅಂದರೆ ಬೆಲೆಯ ಶೇ. 3.

ಆದರೆ ಹನ್ನೆರಡು ತಿಂಗಳೂ ಬಾಡಿಗೆದಾರರಿರುತ್ತಾರೆ ಎಂದು ನಂಬುವಂತಿಲ್ಲ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಸುಣ್ಣಬಣ್ಣ, ನಲ್ಲಿ ರಿಪೇರಿ, ಖಾಲಿ ದಿನಗಳು ಇದ್ದೇ ಇರುತ್ತವೆ. ವರ್ಷಕ್ಕೆ ಒಂದು ತಿಂಗಳ ಬಾಡಿಗೆ ಖೋತಾ, ಪಾಲಿಕೆಯ ಆಸ್ತಿ ತೆರಿಗೆಗೆ 9 ಸಾವಿರ, ದುರಸ್ತಿಗೆ 18 ಸಾವಿರ ಎಂದು ಹಿಡಿದರೆ ಉಳಿಯುವುದು 1.38 ಲಕ್ಷ. ತಿಂಗಳಿಗೆ 11,500 ರೂಪಾಯಿ.

ಈಗ ಸಾಲದ ಕಡೆ ನೋಡೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿ ಮೌಲ್ಯದ ಗರಿಷ್ಠ ಶೇ. 90, ಅದರ ಮೇಲೆ 75 ಲಕ್ಷದವರೆಗೆ ಶೇ. 80, ಇನ್ನೂ ಮೇಲಿನ ಸಾಲಕ್ಕೆ ಶೇ. 75 ದೊರೆಯಬಹುದು. 60 ಲಕ್ಷದ ಮನೆಗೆ ಶೇ. 80 ಎಂದರೆ 48 ಲಕ್ಷ. ಶೇ. 8.5ರ ಬಡ್ಡಿ, 20 ವರ್ಷದ ಅವಧಿ ಎಂದಾದರೆ ತಿಂಗಳ ಕಂತು ಸುಮಾರು 41,650 ರೂಪಾಯಿ. ಕೈಗುಳಿಯುವ ಬಾಡಿಗೆ 11,500! ಉಳಿದ 30 ಸಾವಿರಕ್ಕೂ ಹೆಚ್ಚು ಹಣ ಪ್ರತಿ ತಿಂಗಳೂ ಸಂಬಳದಿಂದಲೋ ಅಂಗಡಿಯ ಗಲ್ಲಾಪೆಟ್ಟಿಗೆಯಿಂದಲೋ ಬರಬೇಕು.

ಇದೇ ಬಡ್ಡಿ, ಇದೇ ಅವಧಿಗೆ 11,500 ರೂಪಾಯಿಯ ಕಂತಿನಲ್ಲಿ ತೀರುವ ಸಾಲ ಎಷ್ಟೆಂದು ತಿರುಗಿಸಿ ಕೇಳಿದರೆ ಉತ್ತರ ಸುಮಾರು 13 ಲಕ್ಷ. ಬ್ಯಾಂಕು ಕೊಡಲು ಸಿದ್ಧವಿರುವುದು 48 ಲಕ್ಷ, ಬಾಡಿಗೆ ಹೊರಬಲ್ಲದ್ದು 13 ಲಕ್ಷ. ಇದರಲ್ಲಿ ಬ್ಯಾಂಕಿನ ತಪ್ಪೇನೂ ಇಲ್ಲ. ಅದು ಸಾಲ ಕೊಡುವುದು ಮುಖ್ಯವಾಗಿ ಸಾಲಗಾರನ ಸಂಬಳ, ವ್ಯಾಪಾರದ ಆದಾಯ ನೋಡಿಯೇ ಹೊರತು ಮನೆಯ ಬಾಡಿಗೆ ನೋಡಿ ಅಲ್ಲ. ಬಾಡಿಗೆಯೇ ಕಂತು ಕಟ್ಟುತ್ತದೆ ಎಂದು ಬ್ಯಾಂಕು ಎಲ್ಲಿಯೂ ಬರೆದುಕೊಡುವುದಿಲ್ಲ.

ಹಾಗಾದರೆ ಮನೆಯ ಬೆಲೆ ಎಷ್ಟು?

ಒಂದೇ ಮನೆಗೆ ನಾಲ್ಕು ಬೆಲೆಗಳಿರುತ್ತವೆ. ಮಾಲೀಕ ಹೇಳುವುದು ಒಂದು. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ಇನ್ನೊಂದು. ರಾಜ್ಯದಲ್ಲಿ ಈ ದರಗಳು 2023ರ ಅಕ್ಟೋಬರ್ 1ರಿಂದ ಪರಿಷ್ಕೃತಗೊಂಡವು. ಬ್ಯಾಂಕಿನ ಮೌಲ್ಯಮಾಪಕ ನಿವೇಶನಕ್ಕೆ ಒಂದು ಲೆಕ್ಕ, ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಇನ್ನೊಂದು ಲೆಕ್ಕ ಹಾಕಿ ಬರೆಯುವುದು ಮೂರನೆಯದು. ಕೊಳ್ಳುವವರು ತಾವೇ ಕಂಡುಕೊಳ್ಳಬೇಕಾದ ನಾಲ್ಕನೆಯ ಬೆಲೆಯೊಂದಿದೆ. ಅದು ಬಾಡಿಗೆಯ ಬೆಲೆ.

ಹಾಕಿದ ಹಣಕ್ಕೆ ವರ್ಷಕ್ಕೆ ಶೇ. 5ರಷ್ಟಾದರೂ ನಿವ್ವಳ ಬಾಡಿಗೆ ಬರಬೇಕು ಎಂದು ಬಯಸುವವರಿಗೆ, 1.38 ಲಕ್ಷ ತರುವ ಮನೆಯ ಬೆಲೆ 27.60 ಲಕ್ಷ ಮಾತ್ರ. ಹೇಳಿದ ಬೆಲೆಯಲ್ಲಿ ಉಳಿಯುವ 32.40 ಲಕ್ಷ, ಮುಂದೆ ಬೆಲೆ ಏರುತ್ತದೆ ಎಂಬ ನಿರೀಕ್ಷೆಗೆ ಕೊಡುವ ಹಣ. ಏರಬಾರದೆಂದೇನಿಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಹಣ ನಿರೀಕ್ಷೆಗೇ ಹೋಗುತ್ತಿದೆ ಎಂಬುದು ಕೊಳ್ಳುವ ಮುನ್ನ ತಿಳಿದಿರಬೇಕು.

ಬಾಡಿಗೆ ಎಷ್ಟು ಬರುತ್ತದೆ ಎಂಬ ಪ್ರಶ್ನೆಯನ್ನು ಮಾರುವವರಿಗೆ ಕೇಳುವುದಕ್ಕಿಂತ ಅದೇ ಬೀದಿಯ ನಾಲ್ಕು ಮನೆಗಳ ಬಾಡಿಗೆದಾರರಿಗೆ ಕೇಳುವುದು ಲೇಸು. ಬೇಸಿಗೆಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕೊಳವೆಬಾವಿ ಇದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ನೀರಿಲ್ಲದ ಮನೆಗೆ ಒಳ್ಳೆಯ ಬಾಡಿಗೆ ನಿಲ್ಲುವುದಿಲ್ಲ.

ಅದಿರಿನ ಕಾಲದ ಲಾರಿಗಳು

ಆದಾಯವೇ ಸಾಲ ತೀರಿಸುತ್ತದೆ ಎಂಬ ನಂಬಿಕೆಯನ್ನು ಈ ಊರು ಒಮ್ಮೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ, ಸಂಡೂರು, ಹೊಸಪೇಟೆ ಭಾಗದಲ್ಲಿ ಸಾಲ ಮಾಡಿ ಲಾರಿ ಕೊಂಡವರು ಅಸಂಖ್ಯ. ಅದಿರು ಸಾಗಣೆಯ ಬಾಡಿಗೆಯಲ್ಲೇ ಲಾರಿಯ ಕಂತು ತೀರುತ್ತದೆ ಎಂಬುದೇ ಆಗಿನ ಲೆಕ್ಕವೂ ಆಗಿತ್ತು. ಹೊರಗಿನಿಂದ ಬಂದ ಜನ, ಕಚೇರಿಗಳು, ಕೈಗೆ ಬಂದ ನಗದು, ಎಲ್ಲವೂ ಸೇರಿ ನಗರದ ನಿವೇಶನಗಳ ಬೆಲೆಯನ್ನೂ ಎತ್ತಿ ಹಿಡಿದವು.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆಯೊಡ್ಡಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ವರದಿ ಸಲ್ಲಿಕೆಯಾಯಿತು. ಎರಡೇ ದಿನಗಳಲ್ಲಿ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲಾರಿಗಳು ನಿಂತಲ್ಲೇ ನಿಂತವು. ಕಂತುಗಳು ಮಾತ್ರ ನಿಲ್ಲಲಿಲ್ಲ. ಸಾಲ ಕೊಟ್ಟವರು ಲಾರಿಗಳನ್ನು ಎಳೆದೊಯ್ದ ದೃಶ್ಯ ಈ ಭಾಗದ ಜನರಿಗೆ ಇನ್ನೂ ನೆನಪಿದೆ. ಅಕ್ರಮವಿಲ್ಲದ, ಅಥವಾ ಕಡಿಮೆ ಇದ್ದ ಗಣಿಗಳಿಗೆ ಷರತ್ತುಗಳೊಂದಿಗೆ ದಾರಿ ತೆರೆದ ಅಂತಿಮ ತೀರ್ಪು ಬಂದದ್ದು 2013ರ ಏಪ್ರಿಲ್‌ನಲ್ಲಿ. ಅಷ್ಟು ಕಾಲ ಕಾಯುವ ಶಕ್ತಿ ಎಷ್ಟು ಕುಟುಂಬಗಳಿಗಿತ್ತು?

ಮನೆ ಲಾರಿಯಲ್ಲ, ನಿಜ. ನೆಲಕ್ಕೆ ತುಕ್ಕು ಹಿಡಿಯುವುದಿಲ್ಲ. ಇಂದು ಬಳ್ಳಾರಿಯ ಬಾಡಿಗೆ ಮನೆಗಳು ಅದಿರೊಂದನ್ನೇ ನೆಚ್ಚಿಯೂ ಇಲ್ಲ. 1961ರಲ್ಲಿ ಆರಂಭಗೊಂಡು ಈಗ ವಿಮ್ಸ್ ಎಂದು ಕರೆಯಲಾಗುವ ವೈದ್ಯಕೀಯ ಕಾಲೇಜು, 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರ, ತೋರಣಗಲ್ಲಿನ ಜಿಂದಾಲ್ ಉಕ್ಕು ಕಾರ್ಖಾನೆ, ಜೀನ್ಸ್ ಉಡುಪಿನ ಘಟಕಗಳು ಜನರನ್ನು ಇಲ್ಲಿಗೆ ಕರೆತರುತ್ತವೆ. ಇನ್ನೊಂದೆಡೆ 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ರಚನೆಯಾಗಿ ಆರು ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾದವು. ಆದ್ದರಿಂದ ಮನೆ ನೋಡುವವರು ಅಲ್ಲಿ ಬಾಡಿಗೆಗೆ ಬರುವವರು ಯಾವ ಸಂಬಳವನ್ನು ನೆಚ್ಚಿದವರು ಎಂಬುದನ್ನೂ ಗಮನಿಸುವುದು ಒಳಿತು.

ಬ್ಯಾಂಕಿನ ಸಾಲಕ್ಕೆ ಹೊರತಾದ ಖರ್ಚು

48 ಲಕ್ಷ ಸಾಲ ಸಿಕ್ಕರೆ ಕೈಯಿಂದ 12 ಲಕ್ಷ ಸಾಕೆಂದು ತಿಳಿದವರು ನೋಂದಣಿಯ ದಿನ ಕಂಗಾಲಾಗುತ್ತಾರೆ. ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಒಟ್ಟು ಶೇ. 7.6, ಅಂದರೆ 60 ಲಕ್ಷಕ್ಕೆ 4.56 ಲಕ್ಷ. ಇಂಥ ಮನೆಗಳಿಗೆ ಸಾಲ ಕೊಡುವಾಗ ಈ ಶುಲ್ಕವನ್ನು ಆಸ್ತಿಯ ಬೆಲೆಗೆ ಸೇರಿಸುವಂತಿಲ್ಲ. ಹೀಗಾಗಿ ಕೈಯಲ್ಲಿರಬೇಕಾದ್ದು 16.56 ಲಕ್ಷ. ಬೆಲೆ 50 ಲಕ್ಷ ಮುಟ್ಟಿದ್ದರೆ ಅದರಲ್ಲಿ ಶೇ. 1ನ್ನು ಮೂಲದಲ್ಲೇ ಕಡಿತಗೊಳಿಸಿ ಆದಾಯ ತೆರಿಗೆ ಇಲಾಖೆಗೆ ಕಟ್ಟುವ ಹೊಣೆಯೂ ಕೊಳ್ಳುವವರದೇ.

ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಕಡಿಮೆ ಬೆಲೆ ಬರೆಸಿ ಉಳಿದದ್ದನ್ನು ನಗದಾಗಿ ಕೊಡುವ ಸಲಹೆಯೂ ಬರುತ್ತದೆ. ಕಾನೂನಿನ ಮಾತು ಹಾಗಿರಲಿ, ಸಾಲದ ಲೆಕ್ಕವೇ ಇದಕ್ಕೆ ಅಡ್ಡಬರುತ್ತದೆ. ಪತ್ರದಲ್ಲಿ 40 ಲಕ್ಷವಿದ್ದರೆ ಸಾಲ ಹೆಚ್ಚೆಂದರೆ 32 ಲಕ್ಷ. ಉಳಿದ 28 ಲಕ್ಷ ಕೈಯಿಂದಲೇ ಹೋಗಬೇಕು. ಮುಂದೆ ಮಾರುವಾಗ ಬಂಡವಾಳ ಲಾಭದ ತೆರಿಗೆಗೆ ಕೊಂಡ ಬೆಲೆಯಾಗಿ ನಿಲ್ಲುವುದು ಕೂಡ ಆ 40 ಲಕ್ಷವೇ.

ಬಡ್ಡಿಯೂ ಇದ್ದಲ್ಲೇ ಇರುವುದಿಲ್ಲ. 2020ರ ಮೇ ತಿಂಗಳಲ್ಲಿ ಶೇ. 4 ಇದ್ದ ರೆಪೋ ದರ 2023ರ ಫೆಬ್ರವರಿ ಹೊತ್ತಿಗೆ ಶೇ. 6.5ಕ್ಕೇರಿತ್ತು; 2025ರಲ್ಲಿ ಮತ್ತೆ ಇಳಿಯಿತು. ಮೇಲಿನ ಸಾಲದ ಬಡ್ಡಿ ಶೇ. 10ಕ್ಕೆ ಹೋದರೆ ಕಂತು ಸುಮಾರು 46,300 ಆಗುತ್ತದೆ. ಬಾಡಿಗೆ ಅದಕ್ಕೆ ತಕ್ಕಂತೆ ಏರುವುದಿಲ್ಲ. ಆದರೆ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ಈ ಅವಕಾಶವನ್ನು ಬಳಸಿಕೊಳ್ಳುವವರು ಏಕೋ ಕಡಿಮೆ.

ತೆರಿಗೆ ಉಳಿತಾಯದ ಆಸೆ

ತೆರಿಗೆ ಉಳಿಯುತ್ತದಲ್ಲ ಎಂಬ ಸಮಾಧಾನವೂ ಈಗ ಅರ್ಧಕ್ಕಿಳಿದಿದೆ. ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30ನ್ನು ದುರಸ್ತಿ ಇತ್ಯಾದಿಗೆಂದು ಬಿಟ್ಟು, ಸಾಲದ ಬಡ್ಡಿಯನ್ನೂ ಕಳೆಯಬಹುದು. ಉದಾಹರಣೆಯ ಮನೆಯಲ್ಲಿ ಮೊದಲ ವರ್ಷದ ಬಡ್ಡಿಯೇ 4 ಲಕ್ಷ ದಾಟುವುದರಿಂದ ಲೆಕ್ಕದಲ್ಲಿ ಸುಮಾರು 2.95 ಲಕ್ಷ ನಷ್ಟ ಕಾಣುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಇದರಲ್ಲಿ 2 ಲಕ್ಷದವರೆಗೆ ಸಂಬಳದ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಆ ಸೌಲಭ್ಯವಿಲ್ಲ.

ಕಾಗದ, ಕರಾರು, ಭೋಗ್ಯ

ಮೂಲಪತ್ರ, ಋಣಭಾರ ಪ್ರಮಾಣಪತ್ರ, ನಕ್ಷೆಯ ಅನುಮೋದನೆ ನೋಡದೆ ಮುಂಗಡ ಕೊಡಬಾರದೆಂಬುದು ಎಲ್ಲರಿಗೂ ಗೊತ್ತು. ನಗರದ ಆಸ್ತಿಗಳ ನೋಂದಣಿಗೆ ಈಗ ಇ-ಖಾತೆಯೂ ಬೇಕು. ಬಿ-ಖಾತೆಯ ಮನೆ ಅಗ್ಗಕ್ಕೆ ಸಿಕ್ಕರೂ ಸಾಲ ಸಿಗುವುದು ಕಷ್ಟ; ನಾಳೆ ಅದನ್ನು ಕೊಳ್ಳಬಂದವರಿಗೂ ಇದೇ ಕಷ್ಟ.

ಕಂತಿನ ಭಾರ ತಾಳಲಾಗದವರು ಮನೆಯನ್ನು ಭೋಗ್ಯಕ್ಕೆ ಹಾಕಿ, ಬಂದ ಗಂಟನ್ನು ಸಾಲಕ್ಕೆ ಕಟ್ಟುವ ದಾರಿ ಹಿಡಿಯುತ್ತಾರೆ. 10 ಲಕ್ಷ ಭೋಗ್ಯದ ಹಣ ಶೇ. 8.5ರ ಸಾಲಕ್ಕೆ ಹೋದರೆ ವರ್ಷಕ್ಕೆ ಉಳಿಯುವ ಬಡ್ಡಿ 85 ಸಾವಿರ. ಕೈಬಿಡುವ ಬಾಡಿಗೆ 1.80 ಲಕ್ಷ. ಅವಧಿ ಮುಗಿದ ದಿನ 10 ಲಕ್ಷವನ್ನು ಒಟ್ಟಿಗೆ ಹಿಂತಿರುಗಿಸಬೇಕು. ಮನೆ ಆಗಲೇ ಬ್ಯಾಂಕಿಗೆ ಅಡಮಾನವಾಗಿರುವುದರಿಂದ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಹೀಗೆ ಮಾಡುವಂತಿಲ್ಲ. ಸಾಲ ಕೆಟ್ಟು ಮನೆ ಹರಾಜಾದರೆ ಭೋಗ್ಯದ ಹಣ ಕೊಟ್ಟು ಕುಳಿತ ಕುಟುಂಬದ ಪಾಲಿಗೆ ಬೀದಿಯೇ ಗತಿ.