ಪಾರ್ಲಿಮೆಂಟಿನ ಎದುರು ದಡ

ಲಂಡನ್ನಿಗೆ ಹೋಗಿಬಂದ ಕನ್ನಡಿಗರ ಮೊಬೈಲಿನಲ್ಲಿ ಸಾಮಾನ್ಯವಾಗಿ ಒಂದು ಫೋಟೊ ಇರುತ್ತದೆ. ಹಿಂದೆ ಥೇಮ್ಸ್ ಹೊಳೆ, ಮುಂದೆ ಬಸವಣ್ಣನ ಎದೆಮಟ್ಟದ ಪ್ರತಿಮೆ, ಪಕ್ಕದಲ್ಲಿ ಸ್ವೆಟರ್ ತೊಟ್ಟು ನಿಂತ ಅಪ್ಪ–ಅಮ್ಮ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಪ್ರತಿಮೆಯದು. ಫೋಟೊ ತೆಗೆಸಿಕೊಂಡವರು ಮುಂದಿನ ಬಸ್ಸು ಹತ್ತುತ್ತಾರೆ. ತಾವು ನಿಂತ ನೆಲ ಯಾವ ಊರಿಗೆ ಸೇರಿದ್ದು ಎಂದು ಕೇಳುವವರು ಕಡಿಮೆ.

ಆ ಊರು ಲ್ಯಾಂಬೆತ್. ಲಂಡನ್ನಿನ 32 ಬರೋಗಳಲ್ಲಿ ಒಂದು. ಬರೋ ಎಂದರೆ ಮಹಾನಗರದೊಳಗಿನ ಒಂದೊಂದು ಪಾಲಿಕೆ. ಅದಕ್ಕೆ ಅದರದೇ ಚುನಾವಣೆ, ಅದರದೇ ತೆರಿಗೆ, ಅದರದೇ ಜಗಳ. ಕಲಬುರಗಿ ಮೂಲದ ವೈದ್ಯ ನೀರಜ್ ಪಾಟೀಲ 2010–11ರಲ್ಲಿ ಇಲ್ಲಿನ ಮೇಯರ್ ಆಗಿದ್ದರು. ಬಸವಣ್ಣ ಇಲ್ಲಿಗೆ ಬಂದು ನಿಂತಿದ್ದರ ಹಿಂದೆ ಇರುವುದು ಅವರ ಓಡಾಟವೇ.

ಪ್ರತಿಮೆ ಇರುವುದು ವಾಕ್ಸ್‌ಹಾಲ್ ಮತ್ತು ಲ್ಯಾಂಬೆತ್ ಸೇತುವೆಗಳ ನಡುವಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ. ಅಲ್ಲಿಂದ ಹೊಳೆಯ ಗುಂಟ ಉತ್ತರಕ್ಕೆ ಹೆಜ್ಜೆ ಹಾಕಿದರೆ ಬಲಗಡೆ ಲ್ಯಾಂಬೆತ್ ಅರಮನೆ ಸಿಗುತ್ತದೆ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರ ಲಂಡನ್ ನಿವಾಸ ಅದು, ಸುಮಾರು ಎಂಟುನೂರು ವರ್ಷಗಳಿಂದ. ಎಡಗಡೆ, ನೀರಿನಾಚೆ, ಪಾರ್ಲಿಮೆಂಟು. ಲ್ಯಾಂಬೆತ್‌ನ ಕಥೆಯೆಲ್ಲ ಈ ನೋಟದಲ್ಲೇ ಇದೆ. ದೊಡ್ಡ ಸರ್ಕಾರ ಆ ದಡದಲ್ಲಿ, ಸಣ್ಣ ಸರ್ಕಾರ ಈ ದಡದಲ್ಲಿ. ನಡುವೆ ಒಂದು ಹೊಳೆ.

ಚರಂಡಿಯಿಂದ ಹುಟ್ಟಿದ ಆಡಳಿತ

ನಕ್ಷೆಯಲ್ಲಿ ಲ್ಯಾಂಬೆತ್ ಉದ್ದನೆಯ ಪಟ್ಟಿಯ ಹಾಗೆ ಕಾಣುತ್ತದೆ. ಉತ್ತರ–ದಕ್ಷಿಣ ಏಳು ಮೈಲಿ, ಅಗಲ ಎರಡೂವರೆ ಮೈಲಿ. ಹೊಳೆಯಂಚಿನ ಜೌಗಿನಿಂದ ನಾರ್‌ವುಡ್ ದಿಣ್ಣೆಯವರೆಗೆ ಹಬ್ಬಿದ್ದ ಹಳೆಯ ಚರ್ಚ್ ಪ್ಯಾರಿಶ್ಶಿನ ಆಕಾರವೇ ಇಂದಿಗೂ ಉಳಿದಿದೆ. ಜೌಗು ಬತ್ತಿ ಎಷ್ಟೋ ಕಾಲವಾದರೂ ವಾಟರ್‌ಲೂ ನಿಲ್ದಾಣದ ಮಗ್ಗುಲಿನ ರಸ್ತೆಯ ಹೆಸರು ಈಗಲೂ ಲೋವರ್ ಮಾರ್ಷ್.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ದಡ ಕಾರ್ಖಾನೆಗಳ, ಬಡವರ, ಕಾಲರಾದ ದಡ. ಇಲ್ಲಿನ ಮನೆಗಳಿಗೆ ಎರಡು ಖಾಸಗಿ ಕಂಪನಿಗಳು ಹೊಳೆ ನೀರನ್ನೇ ಕೊಡುತ್ತಿದ್ದವು. ಎಷ್ಟೋ ಬೀದಿಗಳಲ್ಲಿ ಎರಡರ ಕೊಳವೆಗಳೂ ಅಕ್ಕಪಕ್ಕದಲ್ಲೇ ಹೋಗಿದ್ದವು. 1852ರಲ್ಲಿ ಲ್ಯಾಂಬೆತ್ ಕಂಪನಿ ಮಾತ್ರ ನೀರೆತ್ತುವ ಜಾಗವನ್ನು ಹೊಳೆಯ ಮೇಲ್ಭಾಗಕ್ಕೆ, ಊರಿನ ಕೊಳೆ ಸೇರುವುದಕ್ಕೆ ಮುಂಚಿನ ತಾವಿಗೆ ಒಯ್ದಿತು. 1854ರಲ್ಲಿ ಕಾಲರಾ ಮತ್ತೆ ಬಂದಾಗ ಡಾ. ಜಾನ್ ಸ್ನೋ ಸತ್ತವರ ಮನೆಗಳಿಗೆ ಹೋಗಿ ಒಂದೇ ಪ್ರಶ್ನೆ ಕೇಳಿಸಿದರು: ನಿಮ್ಮ ಮನೆಗೆ ಯಾವ ಕಂಪನಿಯ ನೀರು? ಮೇಲ್ಭಾಗದ ನೀರು ಕುಡಿದವರಲ್ಲಿ ಸಾವು ತೀರಾ ಕಡಿಮೆ. ರೋಗ ಬರುವುದು ಗಾಳಿಯಿಂದಲ್ಲ, ನೀರಿನಿಂದ ಎನ್ನುವುದಕ್ಕೆ ಈ ಬೀದಿಗಳೇ ಸಾಕ್ಷಿ ಹೇಳಿದವು.

ಮರುವರ್ಷವೇ, 1855ರಲ್ಲಿ, ಲಂಡನ್ನಿನ ಆಡಳಿತಕ್ಕೊಂದು ಕಾಯ್ದೆ ಬಂತು. ಬೀದಿ, ದೀಪ, ಸಣ್ಣ ಚರಂಡಿಗಳು ಚರ್ಚಿನ ಹೆಸರು ಹೊತ್ತ ‘ವೆಸ್ಟ್ರಿ’ ಎಂಬ ಸ್ಥಳೀಯ ಮಂಡಳಿಗೆ. ಊರಿಗೆಲ್ಲ ಸೇರಿದ ದೊಡ್ಡ ಒಳಚರಂಡಿ ಒಂದು ಕೇಂದ್ರ ಮಂಡಳಿಗೆ. ಬಸವಣ್ಣ ನಿಂತಿರುವ ಒಡ್ಡನ್ನು 1860ರ ದಶಕದಲ್ಲಿ ಕಟ್ಟಿದ್ದು ಆ ಕೇಂದ್ರ ಮಂಡಳಿಯ ಎಂಜಿನಿಯರ್ ಜೋಸೆಫ್ ಬ್ಯಾಜಲ್ಗೆಟ್. ಚರಂಡಿಗೆ ಬೇಕಾದ ಸುಟ್ಟ ಮಣ್ಣಿನ ಕೊಳವೆಗಳನ್ನು ಮಾಡಿಯೇ ಲ್ಯಾಂಬೆತ್‌ನ ಡೌಲ್ಟನ್ ಕಾರ್ಖಾನೆ ದೊಡ್ಡದಾಯಿತು. ಮುಂದೆ ಶ್ರೀಮಂತರ ಮೇಜಿನ ಪಿಂಗಾಣಿಗೆ ಹೆಸರಾದದ್ದೂ ಅದೇ ಡೌಲ್ಟನ್.

1900ರಲ್ಲಿ ವೆಸ್ಟ್ರಿ ಹೋಗಿ ಬರೋ ಬಂತು, ಮೇಯರ್ ಬಂದರು. 1908ರಲ್ಲಿ ಬ್ರಿಕ್ಸ್‌ಟನ್ನಿನ ಕವಲು ರಸ್ತೆಯಲ್ಲಿ ಕೆಂಪಿಟ್ಟಿಗೆ, ಬಿಳಿಗಲ್ಲಿನ ಟೌನ್‌ಹಾಲ್ ಎದ್ದಿತು. ಅದರ ಗಡಿಯಾರದ ಗೋಪುರ ಈಗಲೂ ಆ ಬಡಾವಣೆಗೆ ಗುರುತು. ಇಂದಿನ ಲ್ಯಾಂಬೆತ್ ರೂಪುಗೊಂಡಿದ್ದು 1965ರಲ್ಲಿ, ಪಕ್ಕದ ವಾಂಡ್ಸ್‌ವರ್ತ್‌ನಿಂದ ಕ್ಲಾಪಮ್, ಸ್ಟ್ರೆತಮ್ ಕಡೆಯ ಭಾಗಗಳನ್ನು ಸೇರಿಸಿಕೊಂಡು. 2021ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 3.17 ಲಕ್ಷ.

ಬೆಂಗಳೂರನ್ನು 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾಗಿ ಒಡೆದು ಮೇಲೊಂದು ಪ್ರಾಧಿಕಾರ ಇಟ್ಟದ್ದನ್ನು ಕಂಡವರಿಗೆ ಈ ಏರ್ಪಾಡು ಹೊಸದೆನಿಸದು. ಇನ್ನು ಮೇಯರ್ ವಿಷಯ. ಲ್ಯಾಂಬೆತ್‌ನ ಮೇಯರ್ ಎಂದರೆ ಕೆಂಪು ಗೌನು, ಕೊರಳಲ್ಲಿ ಸರ, ಒಂದು ವರ್ಷದ ಗೌರವ. ಆಡಳಿತದ ಲಗಾಮು ಇರುವುದು ಬಹುಮತದ ಪಕ್ಷ ಆರಿಸುವ ‘ಲೀಡರ್’ ಕೈಯಲ್ಲಿ. ಇಡೀ ಲಂಡನ್ನಿಗೆ ನೇರವಾಗಿ ಆಯ್ಕೆಯಾಗುವ ಮೇಯರ್ ಬೇರೆಯೇ ಒಬ್ಬರಿದ್ದಾರೆ.

1971: ಒಬ್ಬ ಹೊರಗೆ, ಒಬ್ಬ ಒಳಗೆ

ಬ್ರಿಕ್ಸ್‌ಟನ್ನಿನಲ್ಲಿ ಕೋಲ್ಡ್‌ಹಾರ್ಬರ್ ಲೇನ್ ಎಂಬ ಉದ್ದನೆಯ ರಸ್ತೆಯಿದೆ. 1948ರ ಜೂನಿನಲ್ಲಿ ‘ಎಂಪೈರ್ ವಿಂಡ್‌ರಷ್’ ಹಡಗಿನಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದವರ ಪೈಕಿ ಇಳಿದುಕೊಳ್ಳಲು ಜಾಗವಿಲ್ಲದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಕ್ಲಾಪಮ್ ಸೌತ್‌ನಲ್ಲಿ, ಯುದ್ಧಕಾಲದಲ್ಲಿ ನೆಲದಾಳದಲ್ಲಿ ತೋಡಿದ್ದ ಆಸರೆಯಲ್ಲಿ ಇರಿಸಿದರು. ಅಲ್ಲಿಗೆ ಹತ್ತಿರದ ಉದ್ಯೋಗ ಕಚೇರಿ ಇದ್ದದ್ದು ಈ ರಸ್ತೆಯಲ್ಲಿ. ಕೆಲಸ ಕೇಳಿಕೊಂಡು ಬಂದವರು ಸುತ್ತಮುತ್ತಲೇ ಬಾಡಿಗೆ ಕೋಣೆ ಹಿಡಿದರು. ಬ್ರಿಕ್ಸ್‌ಟನ್ ಬ್ರಿಟನ್ನಿನ ಕಪ್ಪು ಜನರ ತವರಾದದ್ದು ಹೀಗೆ.

ಅದೇ ರಸ್ತೆಯ ಒಂದು ಮಹಡಿ ಮನೆಯಲ್ಲಿ 1950ರ ದಶಕದಲ್ಲಿ ಕೈಸೋತ ಕುಟುಂಬವೊಂದು ಬಾಡಿಗೆಗೆ ಬಂತು. ಅಪ್ಪ ಒಂದು ಕಾಲದ ಸರ್ಕಸ್ ಕಲಾವಿದ. ಮಗ ಹದಿನಾರಕ್ಕೇ ಶಾಲೆ ಬಿಟ್ಟ. ಕನ್ಸರ್ವೇಟಿವ್ ಪಕ್ಷ ಸೇರಿ ಬ್ರಿಕ್ಸ್‌ಟನ್ ಸಂತೆಯಲ್ಲಿ ಪೆಟ್ಟಿಗೆಯ ಮೇಲೆ ನಿಂತು ಭಾಷಣ ಮಾಡತೊಡಗಿದ. 1968ರಲ್ಲಿ ಲೇಬರ್ ಸರ್ಕಾರದ ಮೇಲಿನ ಸಿಟ್ಟಿಗೆ ಲ್ಯಾಂಬೆತ್‌ನ 60 ಸ್ಥಾನಗಳಲ್ಲಿ 57 ಕನ್ಸರ್ವೇಟಿವರ ಪಾಲಾದವು. ಆ ಅಲೆಯಲ್ಲಿ ಹುಡುಗನೂ ಗೆದ್ದ, ವಸತಿ ಸಮಿತಿಯ ಅಧ್ಯಕ್ಷನಾಗುವವರೆಗೆ ಬೆಳೆದ. ಹೆಸರು ಜಾನ್ ಮೇಜರ್.

1971ರ ಮೇ ತಿಂಗಳಲ್ಲಿ ಗಾಳಿ ತಿರುಗಿತು. ಮೇಜರ್ ಸೋತರು. ಅದೇ ಚುನಾವಣೆಯಲ್ಲಿ ಲೇಬರ್ ಪಕ್ಷದಿಂದ ಗೆದ್ದು ಬಂದ ಇಪ್ಪತ್ತೈದರ ಸ್ಟ್ರೆತಮ್ ಹುಡುಗ ಅದೇ ವಸತಿ ಸಮಿತಿಯ ಉಪಾಧ್ಯಕ್ಷನಾದ. ಅವನ ಹೆಸರು ಕೆನ್ ಲಿವಿಂಗ್‌ಸ್ಟನ್. ಸೋತು ಹೋದವರು 1990ರಲ್ಲಿ ಪ್ರಧಾನಿಯಾದರು. ಗೆದ್ದು ಬಂದವರು 2000ದಲ್ಲಿ ಲಂಡನ್ನಿನ ಮೊದಲ ಚುನಾಯಿತ ಮೇಯರ್ ಆದರು. ಸೋರುವ ಸೂರು, ಮನೆಗಾಗಿ ಕಾದವರ ಪಟ್ಟಿ – ಇಬ್ಬರೂ ಸಾರ್ವಜನಿಕ ಬದುಕಿನ ಅಕ್ಷರಾಭ್ಯಾಸ ಮಾಡಿದ್ದು ಒಂದೇ ಕಡತದ ಮೇಲೆ.

ಅದೇ ಬೇಸಿಗೆಯಲ್ಲಿ ನಮ್ಮವರೊಬ್ಬರೂ ಲ್ಯಾಂಬೆತ್‌ನಲ್ಲಿ ಒಂದು ಕೆಲಸ ಮುಗಿಸಿ ಬಂದರು. ಓವಲ್ ಕ್ರಿಕೆಟ್ ಮೈದಾನ ಇರುವುದು ಈ ಬರೋದ ಕೆನ್ನಿಂಗ್‌ಟನ್ನಿನಲ್ಲಿ. ಆಗಸ್ಟಿನಲ್ಲಿ ಮೈಸೂರಿನ ಬಿ.ಎಸ್. ಚಂದ್ರಶೇಖರ್ ಅಲ್ಲಿ 38 ರನ್ನಿಗೆ ಆರು ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಉರುಳಿತು. ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದಿತು.

ಛಾವಣಿಯ ಮೇಲಿನ ಫಲಕ

ಲ್ಯಾಂಬೆತ್ ಅರಮನೆಯಿಂದ ಇದೇ ದಡದಲ್ಲಿ ಇನ್ನೂ ಮುಂದೆ ನಡೆದು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ತುದಿಯನ್ನು ಹಾದುಹೋದರೆ ಕೌಂಟಿ ಹಾಲ್. ಈಗ ಅಲ್ಲಿ ಹೋಟೆಲು, ಮೀನುಗಳ ಪ್ರದರ್ಶನಾಲಯ. 1986ರವರೆಗೆ ಅದು ಲಂಡನ್ನಿನ ಸರ್ಕಾರದ ಮನೆ. 1981ರಲ್ಲಿ ಲಿವಿಂಗ್‌ಸ್ಟನ್ ಅದರ ನಾಯಕರಾದ ಮೇಲೆ ಛಾವಣಿಯಲ್ಲಿ ಒಂದು ಫಲಕ ಎದ್ದಿತು: ಲಂಡನ್ನಿನ ನಿರುದ್ಯೋಗಿಗಳು ಇಷ್ಟು ಎಂಬ ಅಂಕಿ. ಆಚೆ ದಡದ ಪಾರ್ಲಿಮೆಂಟಿನ ಕಿಟಕಿಗಳಿಗೆ ಕಾಣುವ ಹಾಗೆ. ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ಗೆ ಅದು ದಿನದಿನದ ಕಿರಿಕಿರಿ.

ಬ್ರಿಕ್ಸ್‌ಟನ್ ಟೌನ್‌ಹಾಲಿನಲ್ಲಿ ಆಗ ಟೆಡ್ ನೈಟ್ ಲೀಡರ್. ಪತ್ರಿಕೆಗಳು ಇಟ್ಟ ಹೆಸರು ‘ರೆಡ್ ಟೆಡ್’. 1981ರ ಏಪ್ರಿಲ್ ಆರಂಭದಲ್ಲಿ ಪೊಲೀಸರು ಬ್ರಿಕ್ಸ್‌ಟನ್ನಿನಲ್ಲಿ ಕೆಲವೇ ದಿನಗಳಲ್ಲಿ ಸಾವಿರದ ಹತ್ತಿರ ಜನರನ್ನು ಬೀದಿಯಲ್ಲಿ ತಡೆದು ತಪಾಸಣೆ ಮಾಡಿದರು. ಹೆಚ್ಚಿನವರು ಕಪ್ಪು ಜನರು, ಎಳೆಯರು. 10ರಿಂದ 12ರವರೆಗೆ ಬ್ರಿಕ್ಸ್‌ಟನ್ ಹೊತ್ತಿ ಉರಿಯಿತು. ಲಾರ್ಡ್ ಸ್ಕಾರ್ಮನ್ ವಿಚಾರಣಾ ವರದಿ ಬೆಂಕಿಯ ಹಿಂದಿದ್ದ ಬಡತನ, ವಸತಿ ಕೊರತೆ, ಪೊಲೀಸರ ಮೇಲಿನ ಅಪನಂಬಿಕೆಯನ್ನು ಎತ್ತಿ ತೋರಿಸಿತು. ಇಲ್ಲೊಂದು ಸೂಕ್ಷ್ಮವಿದೆ. ಸುಟ್ಟ ಬೀದಿ ಬರೋದ್ದು, ಅದನ್ನು ಗುಡಿಸುವ ಕೆಲಸವೂ ಬರೋದ್ದೇ. ಆದರೆ ಪೊಲೀಸರು ಉತ್ತರ ಕೊಡಬೇಕಾಗಿದ್ದದ್ದು ಆಚೆ ದಡದ ಗೃಹಮಂತ್ರಿಗೆ.

ಪಾಲಿಕೆಯ ಕೈಯಲ್ಲಿ ನಿಜವಾಗಿ ಇದ್ದದ್ದು ‘ರೇಟ್ಸ್’, ಅಂದರೆ ಆಸ್ತಿ ತೆರಿಗೆ. 1984ರಲ್ಲಿ ಥ್ಯಾಚರ್ ಸರ್ಕಾರ ಅದಕ್ಕೂ ಮಿತಿ ಹಾಕುವ ಕಾಯ್ದೆ ತಂದಿತು. ಹಲವು ಲೇಬರ್ ಪಾಲಿಕೆಗಳು ಕೂಡಿ ಒಂದು ಉಪಾಯ ಹೂಡಿದವು: ತೆರಿಗೆ ದರವನ್ನೇ ಗೊತ್ತುಮಾಡದೆ ಕೂರುವುದು, ಸರ್ಕಾರವೇ ಮಾತುಕತೆಗೆ ಬರಲಿ. 1985ರ ವಸಂತದಲ್ಲಿ ಒಂದೊಂದೇ ಪಾಲಿಕೆ ಜಾರಿಕೊಂಡಿತು. ಕೊನೆಗೆ ಉಳಿದದ್ದು ಲಿವರ್‌ಪೂಲ್ ಮತ್ತು ಲ್ಯಾಂಬೆತ್. ಲ್ಯಾಂಬೆತ್ ಜುಲೈ ಮೊದಲ ವಾರದಲ್ಲಿ ದರ ನಿಗದಿ ಮಾಡುವಷ್ಟರಲ್ಲಿ ಲೆಕ್ಕಪರಿಶೋಧಕ ಪುಸ್ತಕ ಬಿಚ್ಚಿ ಕುಳಿತಿದ್ದರು. ತೆರಿಗೆ ತಡವಾಗಿ ಬಂದುದರಿಂದ ಕೈತಪ್ಪಿದ ಬಡ್ಡಿ 1.26 ಲಕ್ಷ ಪೌಂಡ್‌ಗೂ ಹೆಚ್ಚು ಎಂದು ಲೆಕ್ಕ ಹಾಕಿ, ಅದನ್ನು ಸದಸ್ಯರು ಸ್ವಂತ ಜೇಬಿನಿಂದ ಕಟ್ಟಬೇಕೆಂದರು.

1986ರ ಮಾರ್ಚ್ 5ರಂದು ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಮೂವತ್ತಕ್ಕೂ ಹೆಚ್ಚು ಸದಸ್ಯರು ಸ್ಥಾನ ಕಳೆದುಕೊಂಡರು. ಐದು ವರ್ಷ ಚುನಾವಣೆಗೆ ನಿಲ್ಲುವ ಹಾಗಿರಲಿಲ್ಲ. ಅದೇ ತಿಂಗಳ 31ರಂದು ಕೌಂಟಿ ಹಾಲಿನ ಸರ್ಕಾರವನ್ನೂ ಕಾಯ್ದೆಯ ಮೂಲಕ ರದ್ದು ಮಾಡಲಾಯಿತು. ಒಂದೇ ತಿಂಗಳಲ್ಲಿ ಈ ದಡದ ಎರಡು ಬಾಯಿ ಮುಚ್ಚಿದವು. ಮೇ ಚುನಾವಣೆಯಲ್ಲಿ ಲ್ಯಾಂಬೆತ್‌ನ ಮತದಾರರು ಮತ್ತೆ ಲೇಬರ್ ಪಕ್ಷವನ್ನೇ ಗೆಲ್ಲಿಸಿದರು. ಕಪ್ಪು ಮಹಿಳೆ ಲಿಂಡಾ ಬೆಲೋಸ್ ಲೀಡರ್ ಆದರು. ಸದಸ್ಯರ ಜೇಬಿಗೆ ಕೈಹಾಕುವ ಆ ದಂಡದ ಪದ್ಧತಿಯನ್ನು 2000ದ ಕಾಯ್ದೆ ತೆಗೆದುಹಾಕಿತು.

ಯಾರೂ ನೋಡದ ಕಡೆ

ಇಷ್ಟಕ್ಕೇ ನಿಲ್ಲಿಸಿದರೆ ಇದು ವೀರಗಾಥೆಯಾಗುತ್ತಿತ್ತು. ಆದರೆ ಹೋರಾಟದ ಟೌನ್‌ಹಾಲ್ ಮನೆವಾರ್ತೆಯಲ್ಲಿ ಸೋಲುತ್ತಿತ್ತು. ಥ್ಯಾಚರ್ ಹೇರಿದ ತಲೆಗಂದಾಯದ ಕಾಲಕ್ಕೆ ವಸೂಲಿ ನೆಲಕಚ್ಚಿತು. ಅದನ್ನು ವಿರೋಧಿಸಿದ ಲೀಡರ್ ಜೋನ್ ಟ್ವೆಲ್ವ್ಸ್ ಮತ್ತು ಸಂಗಡಿಗರನ್ನು ಅವರ ಪಕ್ಷವೇ 1991ರಲ್ಲಿ ಅಮಾನತಿನಲ್ಲಿಟ್ಟಿತು. 1994ರಲ್ಲಿ ಲೇಬರ್ 24, ಲಿಬರಲ್ ಡೆಮಾಕ್ರಾಟ್ 24, ಕನ್ಸರ್ವೇಟಿವ್ 16, ಯಾರಿಗೂ ಬಹುಮತವಿಲ್ಲ. ಮರುವರ್ಷ ವಕೀಲೆ ಎಲಿಜಬೆತ್ ಆಪಲ್‌ಬಿ ನೀಡಿದ ವರದಿ ಪಾಲಿಕೆಯೊಳಗಿನ ಅವ್ಯವಸ್ಥೆಯನ್ನು ಬಿಚ್ಚಿಟ್ಟಿತು. ಆ ವರ್ಷ ಬಂದ ಮುಖ್ಯಾಧಿಕಾರಿ ಹೆದರ್ ರಾಬಟ್ಸ್ ರಿಪೇರಿಗೆ ಕೈಹಾಕಬೇಕಾಯಿತು.

ಇದಕ್ಕಿಂತ ಕಹಿಯಾದ ಸತ್ಯ ಹೊರಬರಲು 2021ರವರೆಗೆ ಕಾಯಬೇಕಾಯಿತು. ಲ್ಯಾಂಬೆತ್ ನಡೆಸುತ್ತಿದ್ದ ಮಕ್ಕಳ ಆಶ್ರಯಧಾಮಗಳಲ್ಲಿ ದಶಕಗಳ ಕಾಲ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ ರಾಷ್ಟ್ರೀಯ ವಿಚಾರಣಾ ಆಯೋಗ ಆ ವರ್ಷದ ಜುಲೈಯಲ್ಲಿ ವರದಿ ಕೊಟ್ಟಿತು. ದೂರು ಹೇಳಿಕೊಂಡ ಹಳೆಯ ನಿವಾಸಿಗಳು ಏಳುನೂರಕ್ಕೂ ಹೆಚ್ಚು. ನಲವತ್ತು ವರ್ಷಗಳಲ್ಲಿ ಶಿಸ್ತುಕ್ರಮ ಎದುರಿಸಿದ ಹಿರಿಯ ಅಧಿಕಾರಿ ಒಬ್ಬರೇ. ಪಾಲಿಕೆಯ ಒಳಜಗಳದಲ್ಲಿ, ಪಾಲಿಕೆ ಮತ್ತು ಕೇಂದ್ರ ಸರ್ಕಾರದ ಕಾದಾಟದಲ್ಲಿ ಈ ಮಕ್ಕಳು ದಾಳಗಳಾದರು ಎಂಬರ್ಥದ ಮಾತು ವರದಿಯಲ್ಲೇ ಇದೆ. ಹೊಳೆಯಾಚೆಯ ಶತ್ರುವಿನ ಮೇಲೆ ಕಣ್ಣು ನೆಟ್ಟ ಮನೆಯಲ್ಲಿ ಹಿತ್ತಲ ಕಡೆ ನೋಡಿದವರಿಲ್ಲ. ಪಾಲಿಕೆ ಕ್ಷಮೆ ಕೇಳಿತು. ಪರಿಹಾರ ಯೋಜನೆ ಅದಾಗಲೇ 2018ರಲ್ಲಿ ಶುರುವಾಗಿತ್ತು.

ಗೋಡೆಯೊಳಗಿನ ತೇವ

2006ರಿಂದ ಲೇಬರ್ ಪಕ್ಷ ಇಲ್ಲಿ ಮತ್ತೆ ಬೇರೂರಿತು. ಸೇವೆಗಳ ಉಸ್ತುವಾರಿಯಲ್ಲಿ ಜನರಿಗೂ ಪಾಲು ಕೊಡುವ ‘ಸಹಕಾರಿ ಪಾಲಿಕೆ’ಯ ಮಾತು ಕೇಳಿಬಂತು. ಆಗಿನ ಲೀಡರ್ ಸ್ಟೀವ್ ರೀಡ್ 2024ರಲ್ಲಿ ಆಚೆ ದಡದ ಸಂಪುಟ ಸೇರಿದರು. 2022ರ ಚುನಾವಣೆಯಲ್ಲಿ 63 ಸ್ಥಾನಗಳಲ್ಲಿ 58 ಲೇಬರ್‌ಗೆ ಬಂದವು. ಎದುರು ಸಾಲಿನಲ್ಲಿ ಉಳಿದವರು ಐದೇ ಮಂದಿ. ಸಭೆಯಲ್ಲಿ ಗದ್ದಲ ಇಲ್ಲ ಎಂದರೆ ಪ್ರಶ್ನೆ ಕೇಳುವವರೂ ಇಲ್ಲ ಎಂದಾಗುವ ಅಪಾಯ ಇದ್ದೇ ಇರುತ್ತದೆ.

ಇಲ್ಲಿನ ಸದಸ್ಯರು ವಾರ್ಡಿನ ಜನರಿಗೆ ಸಿಗುವ ಹೊತ್ತಿಗೆ ಒಂದು ತಮಾಷೆಯ ಹೆಸರಿದೆ – ‘ಸರ್ಜರಿ’. ಗ್ರಂಥಾಲಯದ ಮೂಲೆಯಲ್ಲೋ ಸಮುದಾಯ ಭವನದಲ್ಲೋ ಒಂದು ಮೇಜು, ಎರಡು ಕುರ್ಚಿ. ಲಂಡನ್ನಿನ ದೊಡ್ಡ ಮನೆಮಾಲೀಕರಲ್ಲಿ ಈ ಪಾಲಿಕೆಯೂ ಒಂದು. ಹಾಗಾಗಿ ಅಲ್ಲಿಗೆ ಬರುವವರ ದೂರು ಹೆಚ್ಚಾಗಿ ಮನೆಯದೇ: ಕಿಟಕಿ ಮುಚ್ಚುವುದಿಲ್ಲ, ಮಗು ಮಲಗುವ ಕೋಣೆಯ ಗೋಡೆಗೆ ಬೂಷ್ಟು ಹತ್ತಿದೆ, ಬರೆದ ಪತ್ರಕ್ಕೆ ಉತ್ತರವಿಲ್ಲ. ಮೇಜರ್, ಲಿವಿಂಗ್‌ಸ್ಟನ್ ಕುಳಿತ ಸಮಿತಿಯ ಮುಂದೆ ಇದ್ದ ಕಡತವೂ ಇದೇ ಜಾತಿಯದು.

ಕೌಂಟಿ ಹಾಲಿನ ಛಾವಣಿಯ ಫಲಕ ಹೊಳೆಯಾಚೆಗೂ ಕಾಣುತ್ತಿತ್ತು. ಗೋಡೆಯೊಳಗಿನ ತೇವ ಕಾಣಬೇಕಾದರೆ ಆ ಕೋಣೆಯೊಳಕ್ಕೇ ಹೋಗಬೇಕು. ಸ್ನೋ ಮಾಡಿದ್ದೂ ಅದನ್ನೇ: ಬಾಗಿಲು ತಟ್ಟಿ, ನಿಮ್ಮ ಮನೆಗೆ ಯಾವ ನೀರು ಎಂದು ಕೇಳಿಸಿದ್ದು. ಪಾಲಿಕೆ ಎನ್ನುವುದು ಇರುವುದೇ ಆ ಬಾಗಿಲು ತಟ್ಟುವುದಕ್ಕೆ. ಮುಂದಿನ ಸಲ ಬಸವಣ್ಣನ ಮುಂದೆ ಫೋಟೊ ತೆಗೆಸಿಕೊಂಡವರು ಪಾರ್ಲಿಮೆಂಟಿನ ಕಡೆ ತಿರುಗುವ ಮೊದಲು ಬೆನ್ನ ಹಿಂದಿನ ಬೀದಿಗಳಲ್ಲೂ ಅರ್ಧ ಗಂಟೆ ಅಡ್ಡಾಡಿ ಬರಬಹುದು. ಊರು ಇರುವುದು ಆ ಕಡೆ.