ಅಜ್ಜಿಯ ಕಸೂತಿ

ಕೃಷ್ಣಾತೀರದ ಗಲಗಲಿಯ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟವು ಮುಗಿಯಿತೆಂದರೆ ಅಜ್ಜಿಯು ಸೂಜಿದಾರಗಳೊಡನೆ ತಲೆಬಾಗಿಲ ಬೆಳಕಿಗೆ ಕುಳಿತುಕೊಳ್ಳುತ್ತಿದ್ದಳು. ಕಸೂತಿಯನ್ನು ಅವಳಿಂದ ಅವ್ವನೂ, ಅವ್ವನಿಂದ ನಾವೂ ಕಲಿತೆವು.

ಈ ಕಲೆಯಲ್ಲಿ ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಇಳಕಲ್ಲ ಸೀರೆಯ ಎಳೆಗಳನ್ನೆಣಿಸಿಯೇ ಗೋಪುರ, ತೇರು, ತುಳಸೀವೃಂದಾವನ, ಅಂಬಾರಿಯಾನೆಗಳನ್ನು ಮೂಡಿಸಬೇಕು. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ಹೊಲಿಗೆಗಳು 4. ಗವಂತಿಯಲ್ಲಿ ಸೂಜಿಯು ಒಂದೆಡೆ ಬಿಟ್ಟು ಒಂದೆಡೆ ಹಾಕುತ್ತ ಮುಂದೆ ಹೋಗಿ, ಮರಳುವಾಗ ಬಿಟ್ಟ ಎಡೆಗಳನ್ನು ತುಂಬುತ್ತ ಬರುವದು. ಪಾಶ್ಚಾತ್ಯರು ಇಂಥದೇ ಹೊಲಿಗೆಗೆ 16ನೆಯ ಶತಮಾನದ ಚಿತ್ರಕಾರ ಹಾಲ್ಬೈನನ ಹೆಸರಿಟ್ಟಿದ್ದಾರೆ. ನಮ್ಮ ಗವಂತಿಯ ಹೆಸರು ಗಂಟಿನಿಂದ ಬಂದುದೆನ್ನುವರು. ವಿನೋದವೆಂದರೆ, ಅದರಲ್ಲಿ ಗಂಟು ಹಾಕುವಂತೆಯೇ ಇಲ್ಲ! ಬಟ್ಟೆಯ ಎರಡೂ ಮಗ್ಗಲು ಒಂದೇ ರೂಪವಾಗಿರಬೇಕು. ಹೋಗುವಾಗಲೇ ಮರಳುವ ದಾರಿಯನ್ನು ಬಲ್ಲವಳಿಗೆ ಮಾತ್ರ ಇದು ಸಾಧ್ಯ.

10 ವರ್ಷದವರಿದ್ದಾಗ ನಾವೊಂದು ಗೋಪುರವನ್ನು ಹೊಲಿದು, ದಾರ ಸಾಲದೆ, ಹಿಂಬದಿಗೆ ಗುಟ್ಟಾಗಿ ಗಂಟಿಕ್ಕಿದೆವು. ಅಜ್ಜಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಅವಳು ಬಟ್ಟೆಯನ್ನು ನೋಡಲೇ ಇಲ್ಲ, ತಿರುವಿ ಬೆರಳಾಡಿಸಿದಳು. “ಇಲ್ಲೇನೋ ಮುಚ್ಚಿಟ್ಟೀಯಲ್ಲವ್ವಾ, ಬಿಚ್ಚು” ಎಂದಳು. 2 ದಿನದ ಕೆಲಸವನ್ನು ಅಳುತ್ತ ಬಿಚ್ಚಿದೆವು.

ಅವಳ ಬಳಿ ನಕ್ಷೆಯ ಹಾಳೆಯೊಂದೂ ಇರಲಿಲ್ಲ. ಆದ್ದರಿಂದ ಕೆಲವು ಚಿತ್ರಗಳು ಅವಳೊಡನೆಯೇ ಹೋದವು. ಉಳಿದವುಗಳನ್ನು ಅವಳ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನಿಂದ ಎಳೆಯೆಳೆಯಾಗಿ ಎಣಿಸಿ ಬರೆದುಕೊಂಡಿದ್ದೇವೆ. ತೇರಿನ ಕಳಸದಲ್ಲಿ ಮಾತ್ರ ದಾರವು ಸವೆದುಹೋಗಿದೆ. ಮಗಳು ಸೆರಗನ್ನು ಬೆಳಕಿಗೆ ಹಿಡಿದು, ಸೂಜಿಯು ಹಾಯ್ದ ತೂತುಗಳನ್ನು ಹುಡುಕುತ್ತಿದ್ದಾಳೆ. ಈವರೆಗೆ 7 ಸಿಕ್ಕಿವೆ.